ಲೆವೆಲ್ 10 ಒಂದೇ, ಮೈಸೂರಿನಲ್ಲಿ ಸಂಬಳ ಕಡಿಮೆ ಯಾಕೆ?

ಬೆಂಗಳೂರು, ಮೈಸೂರು ಎರಡೂ ಕಡೆಯಿಂದ ನಿಮಗೆ ಕೇಂದ್ರ ಸರ್ಕಾರದ ಭೌತವಿಜ್ಞಾನಿ ಹುದ್ದೆಯ ಆಫರ್ ಬಂದಿದೆ, ವೇತನ ಶ್ರೇಣಿ ಎರಡಕ್ಕೂ ಲೆವೆಲ್ 10, ಆದರೂ ಮೈಸೂರಿನದು ತಿಂಗಳಿಗೆ ಹನ್ನೊಂದು ಸಾವಿರ ಕಡಿಮೆ ಯಾಕೆ ಅಂತ ಕೇಳಿದ್ದೀರಿ. ಅದು ಲೆಕ್ಕದ ತಪ್ಪಲ್ಲ, ವ್ಯತ್ಯಾಸ ಇರೋದು ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಮತ್ತು ಪ್ರಯಾಣ ಭತ್ಯೆಯಲ್ಲಿ.

ಮೊದಲು ಮೂಲ ವೇತನ ನೋಡಿ. 7ನೇ ವೇತನ ಆಯೋಗದ ಲೆವೆಲ್ 10ರ ಆರಂಭ ಎರಡೂ ಕಡೆ 56,100. ಡಿಎ (ತುಟ್ಟಿ ಭತ್ಯೆ) ಕೂಡ ದೇಶಕ್ಕೆಲ್ಲ ಒಂದೇ ದರ. ಇಲ್ಲೇ ವ್ಯತ್ಯಾಸ ಕಂಡರೆ ಮಾತ್ರ ಆಡಳಿತ ವಿಭಾಗಕ್ಕೆ ಬರೆಯಿರಿ.

ಆಮೇಲೆ ಎಚ್‌ಆರ್‌ಎ. ಇದು ಊರಿನ ದರ್ಜೆಯ ಮೇಲೆ ಹೋಗುತ್ತೆ. ಬೆಂಗಳೂರು ಎಕ್ಸ್ ದರ್ಜೆ, ಮೂಲ ವೇತನದ ಶೇ. 30, ಅಂದರೆ 16,830. ಮೈಸೂರು ವೈ ದರ್ಜೆ, ಶೇ. 20, 11,220. ಪ್ರಯಾಣ ಭತ್ಯೆ ಬೆಂಗಳೂರಿನಲ್ಲಿ 7,200, ಮೈಸೂರಿನಲ್ಲಿ 3,600, ಅದರ ಮೇಲೆ ಮತ್ತೆ ಡಿಎ. ಇದನ್ನೇ ಬಹಳ ಜನ ಮರೆಯೋದು. ಎರಡು ಭತ್ಯೆಗಳ ವ್ಯತ್ಯಾಸವನ್ನೂ ಕೂಡಿಸಿ, ನಿಮ್ಮ ಹನ್ನೊಂದು ಸಾವಿರ ಅಲ್ಲೇ ಸಿಗುತ್ತೆ.

ಹಾಗಂತ ಬೆಂಗಳೂರಿಗೇ ಹೂಂ ಅನ್ನಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎಗೆ ವಿನಾಯಿತಿ ಇಲ್ಲ, ಪೂರ್ತಿ ಕೈಗೆ ಬರಲ್ಲ. 16,830ಕ್ಕೆ ಬೆಂಗಳೂರಿನಲ್ಲಿ ಕಚೇರಿ ಹತ್ತಿರ ಎರಡು ಕೋಣೆಯ ಮನೆ ಹುಡುಕಿ ನೋಡಿ, ಅಡ್ವಾನ್ಸ್ ಕೇಳಿದಾಗ ಗೊತ್ತಾಗುತ್ತೆ. ಕ್ವಾರ್ಟರ್ಸ್ ಕೊಟ್ಟರೆ ಎಚ್‌ಆರ್‌ಎ ನಿಂತುಹೋಗುತ್ತೆ, ಆಗ ಎರಡು ಊರಿನ ಸಂಬಳದ ಅಂತರ ಪ್ರಯಾಣ ಭತ್ಯೆಯದ್ದಷ್ಟೇ ಉಳಿಯುತ್ತೆ. ಕ್ವಾರ್ಟರ್ಸ್ ಖಾಲಿ ಇದೆಯೋ ಇಲ್ಲವೋ ಇಲ್ಲಿಂದ ಹೇಳೋಕಾಗಲ್ಲ. ಒಪ್ಪಿಗೆ ಪತ್ರ ಕಳಿಸೋ ಮುಂಚೆ ಎರಡೂ ಕಡೆ ಇಮೇಲ್‌ನಲ್ಲಿ ಕೇಳಿ: ಕ್ವಾರ್ಟರ್ಸ್ ಎಷ್ಟು ತಿಂಗಳಲ್ಲಿ ಸಿಗುತ್ತೆ, ಕಚೇರಿ ಬಸ್ ಹತ್ತಿದರೆ ಪ್ರಯಾಣ ಭತ್ಯೆ ಕಡಿತ ಆಗುತ್ತಾ.