ಸಹೋದ್ಯೋಗಿಗಳು ಒಪ್ಪದಿದ್ದರೆ ಎಲ್ಲಿಂದ ಆರಂಭಿಸುವುದು?

ಐದನೆಯ ತರಗತಿಗೆ ಲೈಂಗಿಕ ಶಿಕ್ಷಣ ಬೇಡವೆಂದು ಶಿರಾದ ನಿಮ್ಮ ಶಾಲೆಯ ಹಿರಿಯ ಶಿಕ್ಷಕರು ಪಟ್ಟು ಹಿಡಿದಿರುವುದಕ್ಕೆ ಕಾರಣ ಮಡಿವಂತಿಕೆಗಿಂತ ಹೆಚ್ಚಾಗಿ ಭಯವೇ ಇರಬೇಕು: ಊರವರು ಏನೆನ್ನುತ್ತಾರೋ, ಮಗು ಎದ್ದು ನಿಂತು ಏನು ಕೇಳಿಬಿಡುತ್ತದೋ. ಗುಬ್ಬಿ ತಾಲ್ಲೂಕಿನ ನಮ್ಮ ಶಾಲೆಯಲ್ಲೂ ಹೀಗೇ ಆಗಿತ್ತು.

ಮೊದಲು ‘ಲೈಂಗಿಕ ಶಿಕ್ಷಣ’ ಎಂಬ ಹೆಸರನ್ನು ಬದಿಗಿಡಿ. ‘ದೇಹದ ಸುರಕ್ಷತೆ’ ಎಂದು ಕರೆದು, ಏನೇನು ಕಲಿಸುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ: ಅಂಗಗಳ ಸರಿಯಾದ ಹೆಸರು, ಇಷ್ಟವಿಲ್ಲದ ಸ್ಪರ್ಶಕ್ಕೆ ಬೇಡ ಎನ್ನುವುದು, ನಂಬಿಕೆಯ ಹಿರಿಯರಿಗೆ ಹೇಳುವುದು, ಮುಟ್ಟು. ಮುಟ್ಟಿನ ಪಾಠವನ್ನು ಮುಂದೂಡಬೇಡಿ. ಕೆಲವು ಹುಡುಗಿಯರಿಗೆ ಐದನೆಯ ತರಗತಿಯಲ್ಲೇ ಅದು ಆರಂಭವಾಗುತ್ತದೆ. ಏನೆಂದು ತಿಳಿಯದೆ, ರಕ್ತ ಕಂಡು ನಡುಗುತ್ತಿದ್ದ ಮಗುವನ್ನು ನಾನು ನೋಡಿದ್ದೇನೆ.

ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಾಯಂದಿರನ್ನೂ ಕರೆದು ಅದೇ ಹಾಳೆಯನ್ನು ಓದಿ ಹೇಳಿ. ನಮ್ಮಲ್ಲಿ ವಿರೋಧ ಕರಗಿದ್ದು ಅಲ್ಲಿಯೇ. ನಿಮ್ಮೂರಿನಲ್ಲೂ ಹಾಗಾಗುತ್ತದೆಂದು ಖಚಿತವಾಗಿ ಹೇಳಲಾರೆ. ಮುಜುಗರಪಡುವ ಶಿಕ್ಷಕರನ್ನು ಬಲವಂತಪಡಿಸದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅವರನ್ನು ಕರೆಸಿ. ಪಾಠದ ವೇಳೆ ಹುಡುಗರನ್ನು ಹೊರಗೆ ಕಳುಹಿಸಬೇಡಿ.

ಪಾಠಕ್ಕೆ ಮುನ್ನವೇ ಎಲ್ಲ ಶಿಕ್ಷಕರಿಗೂ ಒಂದು ವಿಷಯ ತಿಳಿದಿರಲೇಬೇಕು. ಪಾಠದ ನಂತರ ಯಾವುದಾದರೂ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಳ್ಳಬಹುದು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಹೆಸರನ್ನು ಹೊರಗೆ ಬಿಡಬೇಡಿ. ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ. ಆ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೂ ಬರೆಸಿ.