ಎಂ.ಡಿ. ಪ್ರಬಂಧಕ್ಕೆ, ಬೆನ್ನಿಗೆ ಕೊಡುವ ಅರಿವಳಿಕೆಯಾದ ಸ್ಪೈನಲ್‌ನಲ್ಲಿ ಡೆಕ್ಸ್‌ಮೆಡಿಟೊಮಿಡಿನ್ ಸೇರಿಸಿದರೆ ಒಳ್ಳೆಯ ಫಲಿತಾಂಶ ಬರುತ್ತದೆಯೇ, ಫೆಂಟನಿಲ್ ಸೇರಿಸಿದರೆಯೇ?

ಅರಿವಳಿಕೆ ವಿಭಾಗದಲ್ಲಿ ನನ್ನ ಪ್ರಬಂಧದ ವಿಷಯವೂ ಇದೇ ಆಗಿತ್ತು: ಮರಗಟ್ಟಿಸುವ ಔಷಧ 0.5% ಹೆವಿ ಬುಪಿವಕೇನ್ 3 ಮಿ.ಲೀ., ಅದರ ಪರಿಣಾಮ ಹೆಚ್ಚಿಸಲು ಅದರೊಂದಿಗೆ ಒಂದು ಗುಂಪಿಗೆ 5 ಮೈಕ್ರೋಗ್ರಾಂ ಡೆಕ್ಸ್‌ಮೆಡಿಟೊಮಿಡಿನ್, ಇನ್ನೊಂದಕ್ಕೆ 25 ಮೈಕ್ರೋಗ್ರಾಂ ಫೆಂಟನಿಲ್. ನಿಮ್ಮಂತೆಯೇ ನಾನೂ ಔಷಧದ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ನನ್ನನ್ನು ಮುಳುಗಿಸಿದ್ದು ಸ್ಟೇಷನರಿ ಅಂಗಡಿಯಿಂದ ತಂದ ತೆಳ್ಳನೆಯ ಬಿಳಿ ಲಕೋಟೆ.

ಯಾವ ರೋಗಿ ಯಾವ ಗುಂಪಿಗೆ ಎಂಬ ಚೀಟಿಗಳನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಕೊಟ್ಟ ಪಟ್ಟಿಯ ಪ್ರಕಾರ ಆ ಲಕೋಟೆಗಳಲ್ಲಿಟ್ಟು, ಅಂಟಿಸಿ, ನನ್ನ ಬಳಿಯೇ ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಓ.ಟಿ.ಯಲ್ಲಿ (ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ) ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಗೆ ಲಕೋಟೆ ತಾಗಿದಾಗ, ಸ್ಕೆಚ್ ಪೆನ್ನಿನಲ್ಲಿ ಬರೆದ ಡೆಕ್ಸ್ ಗುಂಪಿನ 'ಡಿ' ಅಕ್ಷರ ಸ್ಪಷ್ಟವಾಗಿ ಕಾಣಿಸಿತು. ಟೇಬಲ್ ಮೇಲೆ ಮಲಗಿದ್ದವರು ವಯಸ್ಸಾದವರು. ಅವರ ನಾಡಿಮಿಡಿತ ಮೊದಲೇ ನಿಮಿಷಕ್ಕೆ 58 ಇತ್ತು. ಡೆಕ್ಸ್ ಅದನ್ನು ಇನ್ನಷ್ಟು ಇಳಿಸುತ್ತದೆ ಎಂದು ಹೆದರಿ, ಅವರನ್ನು ಅಧ್ಯಯನದಿಂದ ಬಿಟ್ಟು, ಅದೇ ಲಕೋಟೆಯನ್ನು ಮುಂದಿನ ಯುವಕನಿಗೆ ಬಳಸಿದೆ. ಹೆದರಿದ್ದು ತಪ್ಪಲ್ಲ. ಅಂಥವರು ಬೇಡವೆಂದಿದ್ದರೆ ಆ ಮಾತನ್ನು ಪ್ರೋಟೋಕಾಲ್‌ನಲ್ಲಿಯೇ ಬರೆದು, ಲಕೋಟೆ ಮುಟ್ಟುವ ಮೊದಲೇ ಎಲ್ಲರಿಗೂ ಅನ್ವಯಿಸಬೇಕಿತ್ತು; ನಾನು ಚೀಟಿ ನೋಡಿ ರೋಗಿಯನ್ನು ಆರಿಸಿದೆ, ಮುಂದೆ ಅದೇ ರೂಢಿಯಾಯಿತು. ಗಟ್ಟಿಮುಟ್ಟಾದವರೆಲ್ಲ ಡೆಕ್ಸ್ ಗುಂಪಿಗೆ ಸೇರಿದ್ದರಿಂದ ಅಲ್ಲಿ ಬ್ರಾಡಿಕಾರ್ಡಿಯಾ (ನಾಡಿ ತೀರಾ ನಿಧಾನವಾಗುವುದು) ಕಾಣಿಸಲೇ ಇಲ್ಲ, ನಾನು ಹಿಗ್ಗಿದೆ. ಮಾರ್ಗದರ್ಶಕರು ಮೊದಲ ಕೋಷ್ಟಕದಲ್ಲಿ ಎರಡು ಗುಂಪುಗಳ ಸರಾಸರಿ ವಯಸ್ಸಿನ ಅಂತರವನ್ನು ನೋಡಿ, "ಇದು ಹೇಗಮ್ಮಾ ಬಂತು?" ಎಂದರು. 40 ರೋಗಿಗಳ ದತ್ತಾಂಶವನ್ನು ಕೈಬಿಟ್ಟು, ಎಥಿಕ್ಸ್ ಸಮಿತಿಗೆ ವಿವರಣೆ ಬರೆದುಕೊಟ್ಟು, ಮೊದಲಿನಿಂದ ಆರಂಭಿಸಬೇಕಾಯಿತು. (ಆ ಕೋಷ್ಟಕವನ್ನು ಯಾರೂ ಓದುವುದಿಲ್ಲ ಎಂದುಕೊಳ್ಳಬೇಡಿ. ಜಪಾನಿನ ಅರಿವಳಿಕೆ ತಜ್ಞ ಯೋಶಿಟಾಕಾ ಫುಜಿಯ 168 ಪ್ರಯೋಗಗಳಲ್ಲಿ ಅಂಥ ಅಂಕಿಗಳನ್ನೇ ಲೆಕ್ಕ ಹಾಕಿ, ಅವು ಸಹಜವಾಗಿ ಬಂದಿರಲಾರವು ಎಂದು ಬ್ರಿಟನ್ನಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ 2012ರಲ್ಲಿ ತೋರಿಸಿದರು.)

ಆದ್ದರಿಂದ 'ಒಳ್ಳೆಯ ಫಲಿತಾಂಶ' ಯಾವುದರಿಂದ ಬರುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫಲಿತಾಂಶ ಮೊದಲೇ ಗೊತ್ತಿದ್ದರೆ ರೋಗಿಯಿಂದ ಒಪ್ಪಿಗೆಯ ಸಹಿ ಕೇಳುವ ಹಕ್ಕು ನಮಗಿಲ್ಲ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ. ಸಿ.ಟಿ.ಆರ್.ಐ.ಯಲ್ಲಿ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಲ್ಲಿ) ನೋಂದಣಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಆಗಬೇಕು. 2018ರ ಏಪ್ರಿಲ್ 1ರಿಂದ ತಡವಾಗಿ ಬಂದವರಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಲಕೋಟೆ ಮಾತ್ರ ದಪ್ಪನೆಯ ಕಂದು ಬಣ್ಣದ್ದಿರಲಿ, ಚೀಟಿಯನ್ನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಹೊರಗೆ ಕ್ರಮಸಂಖ್ಯೆ ಹಾಕಿ, ರೋಗಿಯ ಹೆಸರನ್ನು ಬರೆದ ನಂತರವೇ ಒಡೆಯಿರಿ. ಅವುಗಳ ಪೆಟ್ಟಿಗೆಯ ಬೀಗದ ಕೈ ನಿಮ್ಮ ಬಳಿ ಇರಬಾರದು. ನನ್ನ ಎರಡನೆಯ ಸುತ್ತಿನಲ್ಲಿ ಅದು ಓ.ಟಿ. ಸಿಸ್ಟರ್ ಒಬ್ಬರ ಸೊಂಟದಲ್ಲಿತ್ತು, ನಾನು ಎಷ್ಟು ಕೇಳಿದರೂ ಅವರು ಕೊಡುತ್ತಿರಲಿಲ್ಲ.