ಪೋಕೆಮಾನ್ ಗೋಲ್ಡ್‌ನಲ್ಲಿ ಸೇವ್ ನಿಲ್ಲದಿದ್ದರೆ ಮೊದಲು ಬ್ಯಾಟರಿ ನೋಡಿ

ಗೇಮ್ ಬಾಯ್‌ನ ಪೋಕೆಮಾನ್ ಗೋಲ್ಡ್ ಆಟದಲ್ಲಿ ಸೇವ್ ಮಾಡಿ ಆಫ್ ಮಾಡಿದರೆ 'ಕಂಟಿನ್ಯೂ' ಮಾಯ, ಬರೀ 'ನ್ಯೂ ಗೇಮ್' ಬರುತ್ತೆ ಅಂತ ಕೊಪ್ಪಳದಿಂದ ಒಬ್ಬರು ಕೇಳಿದ್ದಾರೆ. ಅದು ಹೆಚ್ಚಾಗಿ ಕಾರ್ಟ್ರಿಜ್ (ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ) ಒಳಗಿನ ಬ್ಯಾಟರಿ ಸತ್ತಿರುವ ಲಕ್ಷಣ. ಈ ಗೇಮ್‌ನಲ್ಲಿ ಸೇವ್ ಮತ್ತು ಆಟದೊಳಗಿನ ಗಡಿಯಾರ ಎರಡೂ ಒಂದೇ ಸಿಆರ್2025 ಸೆಲ್ (ನಾಣ್ಯದಾಕಾರದ ಸಣ್ಣ ಬ್ಯಾಟರಿ) ಮೇಲೆ ನಡೆಯುತ್ತವೆ. ಗೇಮ್ ಬಂದದ್ದು 1999ರಲ್ಲಿ, ಇಷ್ಟು ದಿನ ಬಾಳಿದ್ದೇ ಜಾಸ್ತಿ. ಹಳೆಯ ಸೇವ್ ವಾಪಸ್ ಬರಲ್ಲ, ಅದರ ಆಸೆ ಬಿಡಿ.

ಕಾರ್ಟ್ರಿಜ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ (ಇಂಥ ಕಾರ್ಟ್ರಿಜ್ ಸ್ಕ್ರೂಗಳಿಗೆಂದೇ ಇರುವ) ಸ್ಕ್ರೂಡ್ರೈವರ್ ಬೇಕು. ಬಿಚ್ಚಿದ ಮೇಲೆ ಮಲ್ಟಿಮೀಟರ್‌ನಲ್ಲಿ ಸೆಲ್ ಅಳೆಯಿರಿ. ಹತ್ತಿರ ಹತ್ತಿರ 3 ವೋಲ್ಟ್ ಇದ್ದರೆ ನನ್ನ ಊಹೆ ತಪ್ಪು. ಆಗ ಸೆಲ್‌ನ ಬೆಸುಗೆ ಬಿಟ್ಟಿದೆಯಾ ನೋಡಿ. ಕಾರ್ಟ್ರಿಜ್ ನಕಲಿಯೂ ಇರಬಹುದು.

ಸೆಲ್ ಸತ್ತಿದ್ದರೆ ಟ್ಯಾಬ್ (ಬೆಸುಗೆಗೆಂದು ಸೆಲ್‌ಗೆ ಅಂಟಿಸಿರುವ ಲೋಹದ ಪಟ್ಟಿ) ಇರುವ ಸಿಆರ್2025 ತರಿಸಿ. ನನಗೆ ಬಳ್ಳಾರಿ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಿದೆ. ಕೊಪ್ಪಳದಲ್ಲಿ ಮೊಬೈಲ್ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಬಹುದು, ಆದರೆ ಪಕ್ಕದಲ್ಲೇ ನಿಂತಿರಿ. ನನ್ನ ಮೊದಲ ಕಾರ್ಟ್ರಿಜ್‌ಗೆ ಒಬ್ಬರು ಸಾದಾ ಸೆಲ್ ಮೇಲೆಯೇ ನೇರವಾಗಿ ಕಾಯಿಸಿದರು, ಸೆಲ್ ಉಬ್ಬಿ ಹಾಳಾಯಿತು. ಸಿಡಿಯಲೂಬಹುದಿತ್ತು. ಟ್ಯಾಬ್‌ಗೆ ಮಾತ್ರ ಬಿಸಿ ತಾಗಬೇಕು. ಪ್ಲಸ್, ಮೈನಸ್ ಹಳೆಯದು ಇದ್ದಂತೆಯೇ ಇರಲಿ, ಹಳೆಯ ಸೆಲ್ ತೆಗೆಯುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ.

ಮುಚ್ಚುವ ಮುನ್ನ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹೊಸ ಆಟ ಶುರುವಾದಾಗ ಈಗ ಎಷ್ಟು ಗಂಟೆ ಅಂತ ಗೇಮ್ ಕೇಳುತ್ತದೆ, ಸುಮ್ನೆ ಏನೋ ಒತ್ತಬೇಡಿ, ಸರಿಯಾದ ಸಮಯವನ್ನೇ ಕೊಡಿ. ಹೂಟ್‌ಹೂಟ್‌ನಂಥ ಪೋಕೆಮಾನ್ ಹುಲ್ಲಿನಲ್ಲಿ ರಾತ್ರಿಯೇ ಸಿಗೋದು ಅಲ್ವಾ. ಐದು ನಿಮಿಷ ಆಡಿ ಸೇವ್ ಮಾಡಿ, ಕಾರ್ಟ್ರಿಜ್ ತೆಗೆದಿಟ್ಟು ಮರುದಿನ ನೋಡಿ. 'ಕಂಟಿನ್ಯೂ' ಕಂಡರೆ ಆಟ ಮುಂದುವರಿಸಿ.